ಮೇಲಿನಿಂದ ಕಾಣುವ ಸೈನಿಕ: ವಾರ್‌ಕ್ರಾಫ್ಟ್ 3ಕ್ಕೆ ಸ್ಕಿನ್ ಮಾಡುವ ಬಗೆ

ವಾರ್‌ಕ್ರಾಫ್ಟ್ 3 ಎಂಬ ಕಂಪ್ಯೂಟರ್ ಸ್ಟ್ರಾಟಜಿ ಆಟ ತೆರೆದು ಒಬ್ಬ ಫುಟ್‌ಮನ್‌ನನ್ನು, ಅಂದರೆ ಅದರ ಕಾಲಾಳನ್ನು, ನೋಡಿ. ಮೊದಲು ಕಣ್ಣಿಗೆ ಬೀಳುವುದು ಅವನ ಮುಖವಲ್ಲ. ಶಿರಸ್ತ್ರಾಣದ ನೆತ್ತಿ, ಎರಡು ಭುಜ, ಗುರಾಣಿಯ ಮೇಲಂಚು, ಕೈಯಲ್ಲಿರುವ ಕತ್ತಿ, ಇಷ್ಟೇ. ಆಟದ ಕ್ಯಾಮೆರಾ ಎತ್ತರದಲ್ಲಿ ನಿಂತು ಓರೆಯಾಗಿ ಕೆಳಗೆ ನೋಡುತ್ತಿರುತ್ತದೆ. ಆಟದ ಮ್ಯಾಪ್‌ಗಳನ್ನು ಮಾಡುವ ವರ್ಲ್ಡ್ ಎಡಿಟರ್‌ನಲ್ಲಿ ಆ ಕ್ಯಾಮೆರಾದ ಡೀಫಾಲ್ಟ್ ಸಂಖ್ಯೆಗಳು ಸಿಗುತ್ತವೆ: ದೂರ 1650, ಕೋನ 304. 360ರಿಂದ 304 ಕಳೆಯಿರಿ, 56 ಉಳಿಯಿತು. ನೆಲಮಟ್ಟದಿಂದ 56 ಡಿಗ್ರಿ ಕೆಳಕ್ಕೆ ಬಾಗಿದ ನೋಟ ಅದು. ಈ ಆಟಕ್ಕೆ ಸ್ಕಿನ್ ಮಾಡಲು, ಅಂದರೆ ಪಾತ್ರದ ಮೈಮೇಲಿನ ಬಣ್ಣದ ಚಿತ್ರ ಬದಲಿಸಲು, ಕೂತವರು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮೊದಲ ಸಂಖ್ಯೆ ಅದೇ.

ನಿಮ್ಮಲ್ಲಿ ಹಲವರು ಬೇರೆ ಆಟಗಳಿಗೆ ಬಟ್ಟೆ, ಬಂದೂಕು, ಕಾರು ಬಣ್ಣ ಮಾಡಿದವರು. ಅಲ್ಲಿ ಆಟಗಾರ ವಸ್ತುವನ್ನು ಮೂಗಿನ ಮುಂದೆ ಹಿಡಿದು ನೋಡುತ್ತಾನೆ. ಸ್ಟ್ರಾಟಜಿ ಆಟದಲ್ಲಿ ಹಾಗಲ್ಲ. ಪರದೆಯ ಮೇಲೆ ಒಬ್ಬ ಸೈನಿಕ ಐವತ್ತು ಅರವತ್ತು ಪಿಕ್ಸೆಲ್ ಎತ್ತರ ಇದ್ದರೆ ಹೆಚ್ಚು. ಅವನ ಪಕ್ಕದಲ್ಲಿ ಇನ್ನೂ ಹನ್ನೊಂದು ಜನ, ಎದುರಿಗೆ ಅಷ್ಟೇ ಶತ್ರುಗಳು, ನಡುವೆ ಮಂತ್ರದ ಹೊಗೆ ಬೆಂಕಿ. ಇವನು ಯಾರು, ಯಾರ ಕಡೆಯವನು, ಈಗ ಏನು ಮಾಡುತ್ತಿದ್ದಾನೆ ಎಂಬ ಮೂರೂ ಆಟಗಾರನಿಗೆ ಕ್ಷಣಾರ್ಧದಲ್ಲಿ ತಿಳಿಯಬೇಕು. ನೀವು ಮಾಡಿದ ಸ್ಕಿನ್ ಎಷ್ಟೇ ಚೆನ್ನಾಗಿದ್ದರೂ ಈ ಮೂರರಲ್ಲಿ ಒಂದನ್ನು ತಡಮಾಡಿಸಿದರೆ ಅದು ಆಟವನ್ನು ಕೆಡಿಸಿತು ಎಂದೇ ಅರ್ಥ. ಇವತ್ತು ನಾನು ಹೇಳುವ ಉಳಿದ ಮಾತೆಲ್ಲ ಇದರ ಸುತ್ತಲೇ.

ಈ ಆಟವನ್ನೇ ಏಕೆ ಆರಿಸಿಕೊಂಡೆ ಎಂದರೆ, ಕಲಿಯುವುದಕ್ಕೆ ಇದಕ್ಕಿಂತ ತೆರೆದ ಆಟ ಸಿಗುವುದು ಕಷ್ಟ. 2002ರಲ್ಲಿ ಬಂತು, 2003ರಲ್ಲಿ ಫ್ರೋಜನ್ ಥ್ರೋನ್ ವಿಸ್ತರಣೆ ಬಂತು. ಮ್ಯಾಪ್ ಮಾಡುವ ಎಡಿಟರನ್ನು ಆಟದ ಕಂಪನಿ ಬ್ಲಿಜರ್ಡ್ ಆಟದ ಜೊತೆಯಲ್ಲೇ ಕೊಟ್ಟಿತು. ಅದರಿಂದಲೇ ಡೋಟಾ ಎಂಬ ಆಟ ಹುಟ್ಟಿದ್ದು. ಬೆಂಗಳೂರಿನ ಗೇಮಿಂಗ್ ಕೆಫೆಗಳಲ್ಲಿ ರಾತ್ರಿಯೆಲ್ಲ ಡೋಟಾ ಆಡಿದವರು ಇಲ್ಲಿ ಕೂತಿದ್ದೀರಿ, ಕೆಲವರ ಮುಖದಲ್ಲಿ ನಗು ಕಾಣುತ್ತಿದೆ. ಆ ಡೋಟಾದ ಹೀರೋಗಳಲ್ಲಿ ಬಹುಪಾಲು ಮೂಲ ಆಟದ ಮಾಡೆಲ್‌ಗಳೇ, ಅಂದರೆ ಮೂರು ಆಯಾಮದ ಗೊಂಬೆಗಳೇ, ಎಂಬುದನ್ನು ಆಗ ಗಮನಿಸಿದ್ದಿರೋ ಇಲ್ಲವೋ. ಹಳೆಯ ಮೈಗೆ ಹೊಸ ಹೆಸರು, ಹೊಸ ಶಕ್ತಿ.

ಸ್ಕಿನ್ ಮಾಡುವ ಮೊದಲು ಅದಕ್ಕಿಂತ ಸುಲಭದ ದಾರಿಯೊಂದನ್ನು ತೋರಿಸುತ್ತೇನೆ. ವರ್ಲ್ಡ್ ಎಡಿಟರ್‌ನ ಆಬ್ಜೆಕ್ಟ್ ಎಡಿಟರ್‌ನಲ್ಲಿ ಪ್ರತಿ ಯುನಿಟ್‌ಗೂ (ಸೈನಿಕ, ಪ್ರಾಣಿ ಇಂಥವಕ್ಕೆ) ಟಿಂಟಿಂಗ್ ಕಲರ್ ಎಂದು ಕೆಂಪು, ಹಸಿರು, ನೀಲಿ ಮೂರು ಅಂಕಿಗಳಿವೆ, ಸಾಮಾನ್ಯವಾಗಿ ಮೂರೂ 255. ಹಸಿರು ನೀಲಿಗಳನ್ನು 150ಕ್ಕೆ ಇಳಿಸಿದರೆ ಸೈನಿಕ ಕೆಂಪಗಾಗುತ್ತಾನೆ. ಒಂದೇ ಒಂದು ಕಡತ ಸೇರಿಸಬೇಕಾಗಿಲ್ಲ. ಆದರೆ ಇದು ಇರುವ ಬಣ್ಣವನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ, ಮೈಯೆಲ್ಲ ಒಂದೇ ಸಮನೆ ಮಂಕಾಗುತ್ತದೆ. ಒಂದು ಕಾಡುಗಳ್ಳರ ಗುಂಪನ್ನು ಬೇರೆಯಾಗಿ ತೋರಿಸಲು ಇಷ್ಟು ಸಾಕು. ಸಾಕಾಗುವ ಕಡೆ ಇದನ್ನೇ ಬಳಸಿ. ಸಾಕಾಗದೆ ಹೋದಾಗ ಟೆಕ್ಸ್ಚರ್‌ಗೆ ಕೈಹಾಕಿ.

ಟೆಕ್ಸ್ಚರ್ ಎಂದರೆ ಇಲ್ಲಿ 256 ಗುಣಿಸು 256 ಪಿಕ್ಸೆಲ್‌ನ ಒಂದು ಚೌಕ ಹಾಳೆ. ಕುಪ್ಪಸದ ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿದ ಹಾಗೆ ಸೈನಿಕನ ಎದೆ, ತೋಳು, ಶಿರಸ್ತ್ರಾಣ, ಗುರಾಣಿ, ಕತ್ತಿ ಎಲ್ಲ ಅದರಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಯಾವ ತುಂಡು ಮೈಯ ಯಾವ ಭಾಗಕ್ಕೆ ಕೂರುತ್ತದೆ ಎಂಬ ನಕ್ಷೆಯನ್ನು ಯುವಿ ಎನ್ನುತ್ತೇವೆ. ನಕ್ಷೆ ಮಾಡೆಲ್ ಕಡತದೊಳಗಿದೆ, ಚಿತ್ರದ ಕಡತದಲ್ಲಿಲ್ಲ. ಹಾಗಾಗಿ ಚಿತ್ರವನ್ನು ಬರೇ ನೋಡಿದರೆ ಅರ್ಧ ಊಹೆ. ನಾನು ಮಾಡುವುದು ಹೀಗೆ: ಮೂಲ ಟೆಕ್ಸ್ಚರನ್ನು ಕೆಳಗಿನ ಲೇಯರ್‌ನಲ್ಲಿ ಬಿಟ್ಟು, ಮೇಲೊಂದು ಲೇಯರ್‌ನಲ್ಲಿ ಪ್ರತಿ ತುಂಡಿಗೂ ಒಂದೊಂದು ಗಾಢ ಬಣ್ಣ ಬಳಿದು, ಮೇಲೆ ಅಂಕಿ ಬರೆದು, ಮಾಡೆಲ್ ವ್ಯೂವರ್‌ನಲ್ಲಿ ತಿರುಗಿಸಿ ನೋಡುವುದು. ಏಳನೇ ತುಂಡು ಮೊಣಕಾಲಿನ ಹಿಂಭಾಗ, ಮೂರನೆಯದು ಭುಜದ ಮೇಲ್ಭಾಗ ಎಂದು ಆಗ ಖಚಿತವಾಗುತ್ತದೆ.

ಅಂಕಿ ಬರೆದಾಗ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಎಡಗೈಗೂ ಬಲಗೈಗೂ ಒಂದೇ ಅಂಕಿ, ಅದೂ ಒಂದು ಕಡೆ ಉಲ್ಟಾ. ಆ ಕಾಲದ ಕಂಪ್ಯೂಟರ್‌ಗಳ ಮೆಮೊರಿ ಉಳಿಸಲು ಎರಡೂ ಬದಿಗೆ ಒಂದೇ ಚಿತ್ರವನ್ನು ಕನ್ನಡಿಯ ಬಿಂಬದ ಹಾಗೆ ಹೊದಿಸಿದ್ದಾರೆ. ಕನ್ನಡದ ಹುಡುಗರು ಸ್ಕಿನ್ ಮಾಡಲು ಬಂದರೆ ಮೊದಲು ಕೇಳುವುದು ಎದೆಯ ಮೇಲೆ ಕನ್ನಡ ಅಕ್ಷರ ಬರೆಯಬಹುದೇ ಎಂದು. ಬರೆಯುವ ಆಸೆ ನನಗೂ ಇದೆ. ಆದರೆ ಕನ್ನಡಿ ಹೊದಿಕೆ ಇರುವ ಜಾಗದಲ್ಲಿ ಬರೆದರೆ ಒಂದು ಬದಿಯಲ್ಲಿ ಅಕ್ಷರ ತಿರುವುಮುರುವಾಗಿ ಬರುತ್ತದೆ, ಸರಿಯಾದ ಬದಿಯಲ್ಲೂ ಆ ದೂರದಿಂದ ಓದಲಾಗುವುದಿಲ್ಲ. ಅಕ್ಷರಕ್ಕೆ ತಕ್ಕ ಜಾಗ ಐಕಾನ್, ಗುಂಡಿಯ ಮೇಲಿನ ಚಿಕ್ಕ ಚಿತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದು ನಿಜವಾದ ಕೆಲಸವನ್ನೇ ತೆಗೆದುಕೊಳ್ಳೋಣ. ಫುಟ್‌ಮನ್‌ನನ್ನು ವಿಜಯನಗರದ ಸೈನಿಕನನ್ನಾಗಿ ಮಾಡಬೇಕು.

ಹೀಗೆಂದ ತಕ್ಷಣ ಎಲ್ಲರ ಮನಸ್ಸಿಗೆ ಬರುವುದು ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆ. ಕುದುರೆ, ಆನೆ, ಕಾಲಾಳುಗಳ ಸಾಲು ಸಾಲು ಮೆರವಣಿಗೆ ಅಲ್ಲಿದೆ. ಅಲ್ಲಿನ ಕಾಲಾಳುಗಳಂತೆ ಬರಿಮೈ, ಸೊಂಟಕ್ಕೆ ಬಿಗಿದ ಬಟ್ಟೆ ಮಾಡಲು ಹೊರಟರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಸ್ಕಿನ್ ಬದಲಿಸುವುದು ಬಣ್ಣವನ್ನು, ಆಕಾರವನ್ನಲ್ಲ. ಫುಟ್‌ಮನ್‌ನ ಮೆಶ್, ಅಂದರೆ ಬಣ್ಣದ ಕೆಳಗಿನ ಆಕಾರ, ಉಕ್ಕಿನ ಕವಚ ತೊಟ್ಟವನದು: ಉಬ್ಬಿದ ಭುಜ, ದಪ್ಪ ಕೈಗವಸು, ಮುಖ ಮುಚ್ಚುವ ಶಿರಸ್ತ್ರಾಣ. ಅದರ ಮೇಲೆ ಚರ್ಮದ ಬಣ್ಣ ಬಳಿದರೆ ಬರಿಮೈಯಾಗುವುದಿಲ್ಲ, ಬಾತುಕೊಂಡ ಮೈಯಾಗುತ್ತದೆ. ಮೆಶ್‌ಗೆ ಹೊಂದುವ ಉಡುಪನ್ನು ಹುಡುಕಬೇಕು, ಅಥವಾ ಉಡುಪಿಗೆ ಹೊಂದುವ ಮೆಶ್ಶನ್ನು. ಈ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಇದಕ್ಕೆ ಒಂದು ದಿನ ಪೂರ್ತಿ ಕೊಟ್ಟರೂ ನಷ್ಟವಿಲ್ಲ.

ಉಡುಪು ನಮಗೆ ಸಿಗುವುದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್‌ನ ಬರಹದಲ್ಲಿ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಆತ ವಿಜಯನಗರದಲ್ಲಿದ್ದ. ಮಹಾನವಮಿಯ ಹೊತ್ತಿನ ಸೈನ್ಯದ ಪ್ರದರ್ಶನವನ್ನು ಕಣ್ಣಾರೆ ಕಂಡು ಬರೆದ. ರಾವುತರು ತೊಟ್ಟಿದ್ದ ಅಂಗಿ ಗಟ್ಟಿ ಹಸಿ ತೊಗಲಿನ ಪದರಗಳದ್ದು, ಒಳಗೆ ಲೋಹದ ತಗಡು, ಕೆಲವಕ್ಕೆ ಚಿನ್ನದ ಮುಲಾಮು, ಕೆಲವು ಬೆಳ್ಳಿಯವು. ತಲೆಗೆ ಶಿರಸ್ತ್ರಾಣ, ಅದಕ್ಕೆ ಕತ್ತು ಮುಚ್ಚುವ ಅಂಚು, ಮುಖ ಕಾಯುವ ತುಂಡು. ಕೇಳುತ್ತಿದ್ದ ಹಾಗೆ ನಿಮಗೇ ಹೊಳೆಯುತ್ತಿರಬೇಕು, ಫುಟ್‌ಮನ್‌ನ ಮೆಶ್ ಇದಕ್ಕೆ ಸರಿಯಾಗಿ ಕೂರುತ್ತದೆ! ಇದು ಕುದುರೆಯ ಮೇಲಿನವರ ಉಡುಪು, ಕಾಲಾಳುಗಳದ್ದಲ್ಲ ಎಂಬುದು ನೆನಪಿರಲಿ. ಚರಿತ್ರೆಗೆ ಪೂರ್ತಿ ನಿಷ್ಠೆ ಬೇಕೆನ್ನುವವರು ಕುದುರೆಯೇರಿದ ನೈಟ್ ಮಾಡೆಲ್ ತೆಗೆದುಕೊಳ್ಳಿ. ನಾನು ಇಲ್ಲಿ ಕುದುರೆಯಿಂದ ಇಳಿದ ರಾವುತನೊಬ್ಬನನ್ನು ಮಾಡುತ್ತಿದ್ದೇನೆ ಎಂದುಕೊಳ್ಳಿ. ಕಾಲಾಳುಗಳ ಗುರಾಣಿಗಳ ಬಗ್ಗೆ ಪಾಯೆಸ್ ಇನ್ನೂ ಬಿಡಿಸಿ ಹೇಳುತ್ತಾನೆ: ಕೆಲವದರ ಮೇಲೆ ಚಿನ್ನದ ಹೂಗಳು, ಕೆಲವದರ ಮೇಲೆ ಹುಲಿ ಮತ್ತಿತರ ದೊಡ್ಡ ಮೃಗಗಳು, ಕೆಲವಕ್ಕೆ ಬೆಳ್ಳಿಯ ಎಲೆಯ ಕೆಲಸ, ಇನ್ನು ಕೆಲವು ಮುಖ ಕಾಣುವಷ್ಟು ನಯವಾಗಿ ಹೊಳೆಯುವ ಕಪ್ಪು.

ಇಷ್ಟೆಲ್ಲ ಸಿಕ್ಕ ಮೇಲೆ ಎಲ್ಲವನ್ನೂ ಬಳಿದುಬಿಡೋಣ ಎನಿಸುತ್ತದೆ. ಇಲ್ಲಿ ತಡೆದುಕೊಳ್ಳಬೇಕು. ಗುರಾಣಿ ಪರದೆಯ ಮೇಲೆ ಇಪ್ಪತ್ತು ಪಿಕ್ಸೆಲ್ ಅಗಲ. ಅಷ್ಟರಲ್ಲಿ ಹುಲಿಯ ಮುಖ ಬರೆದರೆ ಕಿತ್ತಳೆ ಬಣ್ಣದ ಕಲೆಯಾಗಿ ಕಾಣುತ್ತದೆ. ಎಂಟು ದಪ್ಪ ಎಸಳಿನ ಹೂ ಬರೆದರೆ ಹೂವಾಗಿಯೇ ಕಾಣುತ್ತದೆ. ವಿಜಯನಗರದ ಲಾಂಛನವಾದ ವರಾಹ, ಜೊತೆಗೆ ಸೂರ್ಯ ಚಂದ್ರ ಇರಲಿ ಎಂದು ಕೇಳುವವರಿದ್ದಾರೆ. ವರಾಹ ಆ ಅಳತೆಯಲ್ಲಿ ಉಳಿಯುವುದಿಲ್ಲ. ಸೂರ್ಯ ಚಂದ್ರ ಉಳಿಯುತ್ತವೆ, ಒಂದು ತುಂಬು ವೃತ್ತ, ಒಂದು ಬಾಗಿದ ಗೆರೆ. ನಮ್ಮ ವೀರಗಲ್ಲುಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತಿದವರಿಗೆ ಈ ಗುಟ್ಟು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಹೊಲದ ಬದುವಿನಲ್ಲಿ ನಿಂತ, ಮಳೆಗೆ ಸವೆದ ಕಲ್ಲಿನಲ್ಲೂ ಅವೆರಡನ್ನು ಗುರುತಿಸಬಹುದು.

ಕಣ್ಣಳತೆಯಲ್ಲದೆ ತಾಂತ್ರಿಕ ಕಾರಣವೂ ಒಂದಿದೆ. ಟೆಕ್ಸ್ಚರನ್ನು ಬಿಎಲ್‌ಪಿ ಎಂಬ ಕಡತವಾಗಿ ಉಳಿಸಿದಾಗ ಅದರೊಳಗೆ 256ರ ಚಿತ್ರದ ಜೊತೆ 128, 64, 32 ಹೀಗೆ ಅರ್ಧರ್ಧ ಅಳತೆಯ ಪ್ರತಿಗಳೂ ಕೂರುತ್ತವೆ. ಇವಕ್ಕೆ ಮಿಪ್‌ಮ್ಯಾಪ್ ಎಂದು ಹೆಸರು. ಕ್ಯಾಮೆರಾ ದೂರವಿದ್ದಾಗ ಆಟ ಚಿಕ್ಕ ಪ್ರತಿಯನ್ನು ತೋರಿಸುತ್ತದೆ. ತೊಗಲಂಗಿಯ ಹೊಲಿಗೆಯನ್ನು ಒಂದು ಪಿಕ್ಸೆಲ್ ಗೆರೆಯಲ್ಲಿ ಗಂಟೆಗಟ್ಟಲೆ ಬರೆದಿರುತ್ತೀರಿ. 128ಕ್ಕೆ ಇಳಿದಾಗ ಅದು ಪಕ್ಕದ ಬಣ್ಣದೊಡನೆ ಬೆರೆಯಿತು, 64ಕ್ಕೆ ಇಳಿದಾಗ ಕಾಣೆಯಾಯಿತು. ಆದ್ದರಿಂದ ಹೊಲಿಗೆ ಬರೆಯಬೇಡಿ, ಹೊಲಿಗೆಯಿಂದ ಉಂಟಾಗುವ ಉಬ್ಬನ್ನು ಬರೆಯಿರಿ. ಎದೆಯ ಮೇಲೆ ಅಡ್ಡಡ್ಡ ನಾಲ್ಕು ಅಗಲ ಪಟ್ಟಿಗಳು, ಪ್ರತಿಯೊಂದರ ಮೇಲಂಚು ತಿಳಿ, ಕೆಳಗಂಚು ಗಾಢ. ಬಣ್ಣ ಹಚ್ಚುವಾಗ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಜೂಮನ್ನು 25 ಪ್ರತಿಶತಕ್ಕೆ ಇಳಿಸಿ ನೋಡಿ. ಆಗಲೂ ಪಟ್ಟಿ ಎಣಿಸಬಹುದಾದರೆ ಮುಂದುವರಿಯಿರಿ.

ನೆರಳು ಬೆಳಕನ್ನು ನಾವೇ ಬರೆಯಬೇಕು. ಹಳೆಯ ವಾರ್‌ಕ್ರಾಫ್ಟ್‌ನಲ್ಲಿ ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್ ಇಲ್ಲ. ಲೋಹ ಹೊಳೆಯುವುದು, ಬಟ್ಟೆ ಮಡಿಸಿದ್ದು, ಎಲ್ಲವೂ ಕುಂಚದ ಕೆಲಸವೇ. ಬೆಳಕು ಯಾವಾಗಲೂ ಮೇಲಿನಿಂದ ಬೀಳುತ್ತಿದೆ ಎಂದು ಬರೆಯಿರಿ. ತಲೆ ಮತ್ತು ಭುಜ ಅತಿ ತಿಳಿ, ಸೊಂಟ ಮಧ್ಯಮ, ಪಾದ ಗಾಢ. ಕಣ್ಣು ತಾನಾಗಿಯೇ ತಲೆಯ ಕಡೆಗೆ ಹೋಗುತ್ತದೆ, ಪಾದ ನೆಲದಲ್ಲಿ ಬೆರೆಯುತ್ತದೆ. ಡೋಟಾ 2ಕ್ಕೆ ಉಡುಪು ಮಾಡುವ ಕಲಾವಿದರಿಗಾಗಿ ವಾಲ್ವ್ ಪ್ರಕಟಿಸಿರುವ ಮಾರ್ಗದರ್ಶಿಯಲ್ಲೂ ಇದೇ ಮಾತಿದೆ, ಹುಡುಕಿ ಓದಿ. ವಾರ್‌ಕ್ರಾಫ್ಟ್‌ನ ಸೈನಿಕರ ಭುಜ ಅಷ್ಟು ದೊಡ್ಡದೇಕೆ ಎಂದು ಹಲವರು ಕೇಳುತ್ತಾರೆ. ಆ ಶೈಲಿಯನ್ನು ರೂಪಿಸಿದವರಲ್ಲಿ ಕಲಾ ನಿರ್ದೇಶಕ ಸ್ಯಾಮ್‌ವೈಸ್ ಡಿಡಿಯೆ ಮುಖ್ಯರು. ಭುಜ ದೊಡ್ಡದಿದ್ದರೆ ಆ 56 ಡಿಗ್ರಿಯ ಕ್ಯಾಮೆರಾಕ್ಕೆ ಬಣ್ಣ ಹಚ್ಚಲು ಅಗಲವಾದ ಜಾಗ ಸಿಗುತ್ತದೆ. ಸ್ಕಿನ್ ಮಾಡುವ ನಮಗೆ ಅದು ವರ.

ಕಪ್ಪು ಹೊಳಪಿನ ಗುರಾಣಿ ನನಗೆ ತುಂಬ ಇಷ್ಟ. ಆದರೆ ಆಟದಲ್ಲಿ ನಿಜವಾದ ಪ್ರತಿಬಿಂಬ ಇಲ್ಲ. ಗುರಾಣಿಯ ನಡುವೆ ಬಿಳಿಯ ಮಿಂಚು ಬರೆದರೆ, ಸೈನಿಕ ಕೈ ಬೀಸಿದಾಗ ಆ ಮಿಂಚೂ ಗುರಾಣಿಯ ಜೊತೆ ತಿರುಗುತ್ತದೆ, ಸ್ಟಿಕ್ಕರ್ ಅಂಟಿಸಿದ್ದಾರೆ ಎನಿಸುತ್ತದೆ. ಮೇಲಂಚಿನಲ್ಲಿ ಮಾತ್ರ ತೆಳುವಾದ ನೀಲಿ ಬೂದು ಗೆರೆ ಎಳೆದು, ಅದರಿಂದ ಕೆಳಕ್ಕೆ ನಿಧಾನವಾಗಿ ಕಪ್ಪಿಗೆ ಇಳಿಸಿ. ಮೇಲಂಚು ಹೇಗೂ ಸದಾ ಕ್ಯಾಮೆರಾಕ್ಕೆ ಮುಖಮಾಡಿರುತ್ತದೆ.

ಈಗ ತಂಡದ ಬಣ್ಣ. ಇವತ್ತಿನ ಮಾತಿನಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಬೇಕು. ಮೂಲ ಆಟದಲ್ಲಿ ಹನ್ನೆರಡು ಆಟಗಾರರಿಗೆ ಹನ್ನೆರಡು ಬಣ್ಣ ಇದ್ದವು: ಕೆಂಪು, ನೀಲಿ, ಹಸಿರುನೀಲಿ, ನೇರಳೆ, ಹಳದಿ, ಕಿತ್ತಳೆ, ಹಸಿರು, ಗುಲಾಬಿ, ಬೂದು, ತಿಳಿನೀಲಿ, ಗಾಢ ಹಸಿರು, ಕಂದು. ಇವು ನಿಮ್ಮ ಚಿತ್ರದಲ್ಲಿ ಇರುವುದಿಲ್ಲ. ಮಾಡೆಲ್‌ನ ಮೈಗೆ ಎರಡು ಪದರ. ಕೆಳಗಿನದು ತಂಡದ ಬಣ್ಣ, ಆಟವೇ ತುಂಬುವಂಥದ್ದು. ಮೇಲಿನದು ನಿಮ್ಮ ಟೆಕ್ಸ್ಚರ್. ಟೆಕ್ಸ್ಚರ್‌ನ ಪಾರದರ್ಶಕತೆಯನ್ನು ಹೇಳುವ ಆಲ್ಫಾ ಚಾನೆಲ್ ಎಲ್ಲಿ ಬಿಳಿಯೋ ಅಲ್ಲಿ ನೀವು ಬರೆದದ್ದು ಕಾಣುತ್ತದೆ, ಎಲ್ಲಿ ಕಪ್ಪೋ ಅಲ್ಲಿ ಕೆಳಗಿನ ತಂಡದ ಬಣ್ಣ ಇಣುಕುತ್ತದೆ. ಬೂದು ಇಟ್ಟರೆ ಎರಡೂ ಬೆರೆಯುತ್ತವೆ. ಪೂರ್ತಿ ಕಪ್ಪು ಇಟ್ಟ ಜಾಗ ಚಪ್ಪಟೆ ಬಣ್ಣದ ತೇಪೆಯಾಗಿ ಕಾಣುತ್ತದೆ. ಮಡಿಕೆಯ ನೆರಳಿರುವ ಕಡೆ ಆಲ್ಫಾವನ್ನು ಸ್ವಲ್ಪ ತಿಳಿ ಮಾಡಿ, ಅದೇ ಜಾಗದ ಚಿತ್ರದಲ್ಲಿ ಕಪ್ಪು ಬಳಿದರೆ, ಯಾವ ತಂಡದ ಬಣ್ಣ ಬಂದರೂ ಅದರ ಮೇಲೆ ನಿಮ್ಮ ನೆರಳು ಬೀಳುತ್ತದೆ. ಚೆನ್ನಾಗಿ ಮಾಡಿದ ಸ್ಕಿನ್ನಿಗೂ ಅವಸರದ ಸ್ಕಿನ್ನಿಗೂ ಇರುವ ವ್ಯತ್ಯಾಸ ಬಹುತೇಕ ಇದೊಂದರಲ್ಲೇ ಗೊತ್ತಾಗುತ್ತದೆ.

ನಮ್ಮ ವಿಜಯನಗರದವನಿಗೆ ಇಲ್ಲೊಂದು ತೊಡಕಿದೆ. ಚಿನ್ನದ ತಗಡು, ಚಿನ್ನದ ಹೂ, ಚಿನ್ನದ ಅಂಚು ಎಂದು ಹಳದಿಯನ್ನು ಧಾರಾಳವಾಗಿ ಬಳಿದರೆ, ಐದನೇ ಆಟಗಾರನ ಹಳದಿಗೂ ಆರನೆಯವನ ಕಿತ್ತಳೆಗೂ ಇವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ನೀಲಿ ತಂಡದ ಸೈನಿಕನನ್ನು ಎದುರಾಳಿ ಹಳದಿಯವನೆಂದು ಬಗೆಯುತ್ತಾನೆ. ಗುರಾಣಿಗೆ ಕನ್ನಡದ ಬಾವುಟದ ಹಳದಿ ಕೆಂಪು ಬಳಿದರೂ ಇದೇ ಕಥೆ, ಎರಡೂ ತಂಡದ ಬಣ್ಣಗಳೇ. ಹಾಗೆಂದು ಚಿನ್ನವನ್ನು ಬಿಡಬೇಕಾಗಿಲ್ಲ. ಅದನ್ನು ಕಂದಿನ ಕಡೆಗೆ ಎಳೆದು, ಹೊಳಪು ತಗ್ಗಿಸಿ, ಅಂಚುಗಳಿಗಷ್ಟೇ ಇಡಿ. ಮೈಯ ಮೇಲಿನ ಯಾವ ಬಣ್ಣವೂ ತಂಡದ ಬಣ್ಣದಷ್ಟು ಗಾಢವಾಗಿ ಕೂಗಬಾರದು. ಲೇಪಾಕ್ಷಿಗೆ ಹೋಗಿ ಅಲ್ಲಿನ ಚಾವಣಿಯ ವಿಜಯನಗರ ಕಾಲದ ಚಿತ್ರಗಳನ್ನು ನೋಡಿ. ಕಾವಿಗೆಂಪು, ಕಪ್ಪು, ಸುಣ್ಣದ ಬಿಳಿ, ಮಂಕು ಹಸಿರು. ಎಲ್ಲವೂ ಮಣ್ಣಿನ ಕಡೆಗೆ ವಾಲಿದ ಬಣ್ಣಗಳು. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ತೊಗಲಂಗಿಗೆ ಕಾವಿ, ತಗಡಿನ ಅಂಚಿಗೆ ಮಂಕು ಚಿನ್ನ, ಗುರಾಣಿ ಕಪ್ಪು, ಅದರ ನಡುವಿನ ಹೂ ತಂಡದ ಬಣ್ಣ. ಶಿರಸ್ತ್ರಾಣದ ಮೇಲೊಂದು ಪಟ್ಟಿ, ಭುಜದ ಮೇಲ್ಭಾಗ, ಇವೂ ತಂಡದ ಬಣ್ಣಕ್ಕೆ. ಮೂಲ ಫುಟ್‌ಮನ್‌ನ ಆಲ್ಫಾವನ್ನು ಪಕ್ಕದಲ್ಲಿ ತೆರೆದಿಟ್ಟು, ಮೇಲಿನಿಂದ ನೋಡಿದಾಗ ನಿಮ್ಮಲ್ಲೂ ಕನಿಷ್ಠ ಅಷ್ಟು ಕಪ್ಪು ಇದೆಯೇ ಎಂದು ಹೋಲಿಸಿ. ಫುಟ್‌ಮನ್‌ನ ಮೆಶ್‌ನಿಂದ ಆಕಾರ, ಪಾಯೆಸ್‌ನಿಂದ ವಿವರ, ಲೇಪಾಕ್ಷಿಯಿಂದ ಬಣ್ಣ, ಹೀಗೆ ಮೂರು ಕಡೆಯಿಂದ ತಂದು ಕೂಡಿಸಿದ ಸೈನಿಕ ಇವನು.

ಕಡತದ ಕೆಲಸ ಬೇಗ ಹೇಳಿಬಿಡುತ್ತೇನೆ. ಚಿತ್ರವನ್ನು 32 ಬಿಟ್ ಟಿಜಿಎ ಎಂಬ ಬಗೆಯ ಕಡತವಾಗಿ ಉಳಿಸಿ. 24 ಬಿಟ್ ಆರಿಸಿದರೆ ಆಲ್ಫಾ ಹೋಯಿತು, ತಂಡದ ಬಣ್ಣವೂ ಹೋಯಿತು. 256ರ ಟಿಜಿಎ 256 ಕೆಬಿ ತೂಗುತ್ತದೆ, 512ರದ್ದು ಒಂದು ಎಂಬಿ. ಬಿಎಲ್‌ಪಿಗೆ ಬದಲಿಸಿದಾಗ ತುಂಬಾ ಇಳಿಯುತ್ತದೆ, ಏಕೆಂದರೆ ಒಳಗೆ ಜೆಪೆಗ್ ಅಡಕ. ಆ ಅಡಕವನ್ನು ಅತಿಯಾಗಿ ಹಿಂಡಿದರೆ ಬಣ್ಣದ ಅಂಚುಗಳಲ್ಲಿ ಕೊಳೆ ಕಾಣಿಸಿಕೊಳ್ಳುತ್ತದೆ. ಬ್ಲಿಜರ್ಡ್‌ನ ಆನ್‌ಲೈನ್ ಜಾಲವಾದ ಬ್ಯಾಟಲ್.ನೆಟ್‌ನಲ್ಲಿ ಮ್ಯಾಪ್‌ನ ಮಿತಿ ಮೊದಲು 4 ಎಂಬಿ ಇತ್ತು, ಆಮೇಲೆ 8 ಎಂಬಿ ಆಯಿತು. ಕೆಬಿ ಎಣಿಸುವ ಅಭ್ಯಾಸ ಆ ತಲೆಮಾರಿನ ಸ್ಕಿನ್ ಕಲಾವಿದರಿಗೆ ಅಲ್ಲಿಂದಲೇ ಬಂದದ್ದು, ಒಳ್ಳೆಯ ಅಭ್ಯಾಸ.

ವರ್ಲ್ಡ್ ಎಡಿಟರ್‌ನ ಇಂಪೋರ್ಟ್ ಮ್ಯಾನೇಜರ್‌ನಲ್ಲಿ ಚಿತ್ರವನ್ನು ಸೇರಿಸಿ, ಅದರ ಹಾದಿಯನ್ನು ಮೂಲ ಟೆಕ್ಸ್ಚರ್‌ನ ಹಾದಿಗೆ ಬದಲಿಸಿದರೆ ಆ ಮ್ಯಾಪ್‌ನ ಎಲ್ಲ ಫುಟ್‌ಮನ್‌ಗಳೂ ವಿಜಯನಗರದವರಾಗುತ್ತಾರೆ. ಹಳೆಯವರೂ ಹೊಸಬರೂ ಒಂದೇ ಮ್ಯಾಪ್‌ನಲ್ಲಿ ಬೇಕೆಂದರೆ ಮಾಡೆಲ್ ಎಡಿಟರ್‌ನಲ್ಲಿ ಮಾಡೆಲ್‌ನ ಪ್ರತಿ ತೆಗೆದು, ಅದು ಹುಡುಕುವ ಟೆಕ್ಸ್ಚರ್‌ನ ಹೆಸರನ್ನು ಬದಲಿಸಿ, ಎರಡನ್ನೂ ಸೇರಿಸಬೇಕು. ಹಾಗೆ ತೆರೆದಾಗ ಪಟ್ಟಿಯಲ್ಲಿ ಗಟ್ಜ್ ಎಂಬ ಇನ್ನೊಂದು ಟೆಕ್ಸ್ಚರ್ ಕಾಣಬಹುದು. ಸತ್ತ ಮೇಲೆ ಕೊಳೆಯುವ ಮಾಂಸದ ಚಿತ್ರ ಅದು, ಹಲವು ಯುನಿಟ್‌ಗಳಿಗೆ ಒಂದೇ. ಅದರ ಗೊಡವೆಗೆ ಹೋಗಬೇಡಿ. ಮೂಲೆಯ ಚೌಕದಲ್ಲಿ ಮಾತಾಡುವ ಮುಖ ಬೇರೊಂದು ಮಾಡೆಲ್, ಸಾಮಾನ್ಯವಾಗಿ ಅದೇ ಟೆಕ್ಸ್ಚರನ್ನು ಬಳಸುತ್ತದೆ. ಹಾಗಾಗಿ ಶಿರಸ್ತ್ರಾಣದ ಮುಂಭಾಗ ಮಾತ್ರ ಹತ್ತಿರದಿಂದಲೂ ಚೆನ್ನಾಗಿ ಕಾಣಬೇಕು, ಆ ಒಂದು ತುಂಡಿಗೆ ಹೆಚ್ಚು ಹೊತ್ತು ಕೊಡಿ.

ಐಕಾನ್ 64 ಗುಣಿಸು 64. ಸೂರ್ಯ ಚಂದ್ರರ ನಡುವೆ ವರಾಹವನ್ನೋ ಕನ್ನಡದ ಅಕ್ಷರವನ್ನೋ ಇಡಬೇಕೆಂದರೆ ಇಲ್ಲಿ ಇಡಿ, ಇದು ಅಲುಗಾಡುವುದಿಲ್ಲ, ತಿರುಗುವುದಿಲ್ಲ, ನೇರವಾಗಿ ಕಾಣುತ್ತದೆ. ಇದರ ಮಂಕು ಪ್ರತಿಯನ್ನೂ ಸೇರಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಆಟದ ಮೆನು ತೆರೆಯಲು ಎಫ್10 ಒತ್ತಿದಾಗ ಐಕಾನ್ ಇದ್ದ ಜಾಗದಲ್ಲಿ ಹಸಿರು ಚೌಕ ಎದ್ದು ನಿಲ್ಲುತ್ತದೆ.

ಪರೀಕ್ಷೆಗೆ ಒಂದು ಖಾಲಿ ಮ್ಯಾಪ್ ಇಟ್ಟುಕೊಳ್ಳಿ. ಹುಲ್ಲು, ಕೆಂಪು ಮಣ್ಣು, ಹಿಮ, ಮೂರು ನೆಲ. ಪ್ರತಿ ನೆಲದ ಮೇಲೂ ಹನ್ನೆರಡು ಬಣ್ಣದ ಹನ್ನೆರಡು ಸೈನಿಕರು, ಪಕ್ಕದಲ್ಲಿ ಮೂಲ ಫುಟ್‌ಮನ್ ಒಬ್ಬ. ನಮ್ಮ ಕಾವಿ ಅಂಗಿ ಹುಲ್ಲಿನ ಮೇಲೆ ಎದ್ದು ಕಾಣುತ್ತದೆ, ಕೆಂಪು ಮಣ್ಣಿನ ಮೇಲೆ ಕರಗಿಹೋಗುತ್ತದೆ. ಆಗ ಭುಜದ ಅಂಚುಗಳನ್ನು ಇನ್ನೊಂದು ಮಟ್ಟ ತಿಳಿ ಮಾಡಬೇಕು. ಸ್ಕಿನ್ ಮಾಡದ ಒಬ್ಬ ಗೆಳೆಯನನ್ನು ಕೂರಿಸಿ, ಕದನ ಹಚ್ಚಿ, ನೀಲಿಯವರು ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿ. ಅವನು ತಡವರಿಸಿದ ಬಣ್ಣಗಳನ್ನು ಬರೆದಿಟ್ಟುಕೊಳ್ಳಿ.

2020ರ ಜನವರಿಯಲ್ಲಿ ಬಂದ, ಇದೇ ಆಟದ ಹೊಸ ರೂಪವಾದ ರಿಫೋರ್ಜ್ಡ್ ಬಗ್ಗೆಯೂ ಒಂದು ಮಾತು. ಅಲ್ಲಿ ಹೊಸ ಮಾಡೆಲ್‌ಗಳಿಗೆ ಒಂದಲ್ಲ, ಹಲವು ಹಾಳೆಗಳು: ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಲೋಹ ಒರಟುತನಗಳಿಗೊಂದು. ತಂಡದ ಬಣ್ಣದ ಆಲ್ಫಾ ಈ ಕೊನೆಯ ಹಾಳೆಗೆ ಹೋಗಿದೆ. ಹೊಳೆಯುವ ಕಪ್ಪು ಗುರಾಣಿ ಅಲ್ಲಿ ನಿಜವಾಗಿ ಹೊಳೆಯುತ್ತದೆ. ಆದರೆ ಹೊಸಬರು ಹಳೆಯ ರೂಪದಲ್ಲೇ ಕಲಿಯಲಿ ಎಂಬುದು ನನ್ನ ಅಭಿಪ್ರಾಯ. ಬೆಳಕನ್ನು ಕೈಯಿಂದ ಬರೆಯಲು ಬಂದವರಿಗೆ ಉಳಿದದ್ದು ಬರುತ್ತದೆ. ಅದೇ ವರ್ಷ ಬ್ಲಿಜರ್ಡ್‌ನ ನಿಯಮವೂ ಬದಲಾಯಿತು. ಎಡಿಟರ್‌ನಲ್ಲಿ ಮಾಡಿದ ಕಸ್ಟಮ್ ಆಟಗಳ ಒಡೆತನ ಕಂಪನಿಯದೇ ಎಂದು ಅದರಲ್ಲಿ ಬರೆದಿದೆ. ಕೆಲಸಕ್ಕೆ ಕೈಹಾಕುವ ಮುನ್ನ ಅದನ್ನು ಓದಿಕೊಳ್ಳಿ. ಬೇರೆ ಆಟದಿಂದ ಕಿತ್ತು ತಂದ ಟೆಕ್ಸ್ಚರ್ ಬಳಸಬೇಡಿ, ಇನ್ನೊಬ್ಬರ ಸ್ಕಿನ್ ತಿದ್ದಿದರೆ ಅವರ ಹೆಸರು ಹಾಕಿ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು, ವಿಜಯನಗರ ಎಂದ ಮೇಲೆ ಆನೆ ಬೇಡವೇ ಎಂದು. ಬೇಕು. ಫ್ರೋಜನ್ ಥ್ರೋನ್‌ನಲ್ಲಿ ಮ್ಯಾಮತ್ ಇದೆ, ಆನೆಗೆ ಅತಿ ಹತ್ತಿರದ ಮೆಶ್ ಅದೇ. ತುಪ್ಪಳವನ್ನು ಜೂಲಿನ ಹೊದಿಕೆಯಾಗಿ ಬದಲಿಸಿ. ಯುದ್ಧದ ಆನೆಗಳಿಗೆ ಬಣ್ಣಬಣ್ಣದ ಬಟ್ಟೆಯ ಜೂಲು, ಗಂಟೆಗಳು, ತಲೆಯ ಮೇಲೆ ರಾಕ್ಷಸರ ಮತ್ತು ಮೃಗಗಳ ಮುಖ ಬರೆದಿದ್ದರು ಎಂದು ಪಾಯೆಸ್ ಹೇಳುತ್ತಾನೆ. ಫುಟ್‌ಮನ್‌ನ ಗುರಾಣಿಯಲ್ಲಿ ಹುಲಿಯ ಮುಖಕ್ಕೆ ಜಾಗ ಸಾಲದು ಎಂದೆನಲ್ಲ, ಇಲ್ಲಿ ಸಾಕಷ್ಟಿದೆ. ಆನೆಯ ನೆತ್ತಿ ಅಗಲ, ಓರೆಯಾಗಿ ಮೇಲಕ್ಕೆ ತಿರುಗಿದೆ, ಕ್ಯಾಮೆರಾಕ್ಕೆ ನೇರ ಎದುರು. ಕಣ್ಣು ಎರಡು, ಹುಬ್ಬು ಎರಡು, ಕೋರೆಹಲ್ಲಿನ ಬಾಯಿ ಒಂದು, ಎಲ್ಲ ದಪ್ಪ ಗೆರೆಯಲ್ಲಿ. ಜೂಲನ್ನು ಪೂರ್ತಿ ತಂಡದ ಬಣ್ಣಕ್ಕೆ ಬಿಡಿ. ಆದರೆ ನೆತ್ತಿಯಲ್ಲಿ ಕನ್ನಡಿ ಹೊದಿಕೆ ಇದೆಯೇ ಎಂದು ಮೊದಲು ಅಂಕಿ ಬರೆದು ನೋಡಿ. ಇದ್ದರೆ ಅರ್ಧ ಮುಖ ಬರೆದರೆ ಸಾಕು, ಉಳಿದರ್ಧವನ್ನು ಆಟವೇ ತುಂಬಿಕೊಡುತ್ತದೆ.